ಚೈನಿಗೆ ಎಣ್ಣೆ ಹಾಕಿದ್ದೆ, ಆದ್ರೂ ಬೈಕ್ ಯಾಕೆ ಕೈಕೊಟ್ಟಿತು?

ಮೇ ತಿಂಗಳ ಒಂದು ಸಂಜೆ. ವಾಡಿಯಲ್ಲಿ ಕೆಲಸ ಮುಗಿಸಿ, ಅಲ್ಲೇ ಚಿಕ್ಕಮ್ಮನ ಮನೆಗೆ ಬಂದಿದ್ದ ಅವ್ವನನ್ನು ಹಿಂದೆ ಕೂರಿಸಿಕೊಂಡು ಶಹಾಬಾದ್ ಕಡೆ ಹೊರಟಿದ್ದೆ. ಮುಂದೆ ಫರ್ಸಿ ಕಲ್ಲು ತುಂಬಿದ ಲಾರಿ, ಹಿಂದೆ ಸಿಮೆಂಟ್ ಟ್ಯಾಂಕರ್. ನಡುವೆ ನಾವಿಬ್ಬರು. ಲಾರಿ ದಾಟೋಣ ಅಂತ ಆಕ್ಸಿಲರೇಟರ್ ತಿರುಗಿಸಿದೆ. ಕಟಕ್ ಅಂತ ಶಬ್ದ ಬಂತು. ಚೈನ್ ಹಲ್ಲಿನಿಂದ ಜಾರಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿತ್ತು.

ಬೈಕ್ ಎಳೆದಾಡುತ್ತಾ ರಸ್ತೆ ಬದಿಯ ಮಣ್ಣಿಗೆ ಹೋಗಿ ನಿಂತಿತು. ಅವ್ವನ ಮೊಣಕಾಲು ತರಚಿತು, ಅಷ್ಟೇ. ಟ್ಯಾಂಕರ್‌ನವನು ಬ್ರೇಕ್ ಹಾಕಿದ್ದ, ನಮ್ಮ ಪುಣ್ಯ. ಅವ್ವ ಸೆರಗಿನಿಂದ ಧೂಳು ಒರೆಸಿಕೊಳ್ಳುತ್ತಾ ಕೇಳಿದ್ದು ಒಂದೇ ಮಾತು: "ಮೊನ್ನೇನೇ ಎಣ್ಣಿ ಹಾಕಿದ್ಯಲ್ಲ ತಮ್ಮಾ?"

ಹೌದು, ಹಾಕಿದ್ದೆ. ಮೂರು ದಿನದ ಹಿಂದಷ್ಟೇ, ನೂರಾರು ರೂಪಾಯಿ ಕೊಟ್ಟು ತಂದ ಸ್ಪ್ರೇ ಡಬ್ಬಿಯಿಂದ ಚೈನ್ ಮುಳುಗುವಷ್ಟು ಹೊಡೆದಿದ್ದೆ. ತಪ್ಪಾಗಿದ್ದೇ ಅಲ್ಲಿ.

ಮರುದಿನ ಬೈಕ್ ತಳ್ಳಿಕೊಂಡು ನಮ್ಮ ಓಣಿಯ ಗ್ಯಾರೇಜ್ ಚಾಚಾ ಹತ್ತಿರ ಹೋದೆ. ಅವರು ಚೈನ್ ಮೇಲೆ ಬೆರಳಾಡಿಸಿ ನನ್ನ ಮುಂದೆ ಹಿಡಿದರು. ಬೆರಳ ತುದಿಯಲ್ಲಿ ಬೂದು ಬಣ್ಣದ ಹಿಟ್ಟು. "ಇದು ಎಣ್ಣಿ ಅಲ್ಲಪ್ಪಾ, ಸಾಣೆ ಹಿಡಿಯೋ ಮಸಾಲಿ. ಚೈನಿಗೆ ಎಣ್ಣಿ ಹಾಕೋದು ಅಂದ್ರ ಹೋಳಿಗಿಗೆ ತುಪ್ಪ ಹಾಕಿದಂಗಲ್ಲ. ಹಾಕಿದ ಮ್ಯಾಲ ಒರಸಬೇಕು."

ಯಾವ ಚೈನ್ ಲೂಬ್ ಒಳ್ಳೆಯದು ಅಂತ ಅಲ್ಲಿಯವರೆಗೂ ಫೋನ್‌ನಲ್ಲಿ ಹುಡುಕಿದ್ದೇ ಹುಡುಕಿದ್ದು. ನಮ್ಮ ರಸ್ತೆಯ ಧೂಳಿಗೆ ಯಾವುದು ಒಳ್ಳೆಯದು ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ನಮ್ಮ ಧೂಳೇ ಬೇರೆ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ನೆಲದಡಿ ಇರೋದು ಸುಣ್ಣದ ಕಲ್ಲು. ಅದಕ್ಕೇ ಇಲ್ಲಿ ಕಲ್ಲಿನ ಗಣಿಗಳು, ಪಾಲಿಶ್ ಮಷೀನುಗಳು, ಸಿಮೆಂಟ್ ಕಾರ್ಖಾನೆಗಳು. ಹೊಟ್ಟೆ ತುಂಬಿಸೋದೂ ಅದೇ, ಬೈಕ್ ಮೇಲೆ ಕೂರೋದೂ ಅದೇ.

ಸುಣ್ಣದ ಕಲ್ಲು ಅಷ್ಟೇನೂ ಗಟ್ಟಿಯಲ್ಲ. ಖನಿಜಗಳ ಗಡಸುತನ ಅಳೆಯೋ ಮೋಸ್ ಮಾಪಕದಲ್ಲಿ ಅದಕ್ಕೆ ಸುಮಾರು 3 ಅಂಕ. ಚೈನಿನ ಗಡಸು ಉಕ್ಕನ್ನು ಅದು ನೇರವಾಗಿ ಕೊರೆಯೋದಿಲ್ಲ. ಆದರೆ ಆ ನುಣುಪು ಪುಡಿ ಎಣ್ಣೆಯನ್ನು ಹೀರಿಕೊಂಡು ಹಿಟ್ಟಾಗುತ್ತೆ. ಆ ಹಿಟ್ಟಿಗೆ ರಸ್ತೆಯ ಮರಳು ಅಂಟಿಕೊಳ್ಳುತ್ತೆ. ಮರಳಿನಲ್ಲಿರೋ ಸ್ಫಟಿಕದ ಗಡಸುತನ 7. ಉಕ್ಕನ್ನು ಉಜ್ಜಿ ತೆಗೆಯೋದು ಇದು. ಇನ್ನು ಸಿಮೆಂಟ್ ಪುಡಿ ಮೇಲೆ ನೀರು ಬಿದ್ದರೆ ಏನಾಗುತ್ತೆ ಅಂತ ನಮ್ಮ ಊರಿನವರಿಗೆ ಹೇಳಿಕೊಡಬೇಕಿಲ್ಲ. ಕೊಂಡಿಗಳ ಸಂದಿಯಲ್ಲಿ ಗಟ್ಟಿಯಾಗಿ, ಚೈನ್ ಅಲ್ಲಲ್ಲಿ ಬಗ್ಗೋದನ್ನೇ ಬಿಡುತ್ತೆ.

ನನ್ನ ಬೈಕ್‌ನಲ್ಲಿ ಆಗಿದ್ದು ಇಷ್ಟೂ. ಅಂಟಂಟು ಸ್ಪ್ರೇ ಧೂಳನ್ನು ಹಿಡಿದಿಟ್ಟಿತು, ಧೂಳು ಚೈನನ್ನು ಸವೆಸಿತು, ಸವೆದ ಚೈನ್ ಉದ್ದವಾಗಿ ಜೋತು ಬಿತ್ತು, ಹಲ್ಲಿನಿಂದ ಜಾರಿತು.

ಎಣ್ಣೆ ಹೋಗಬೇಕಾದ್ದು ಎಲ್ಲಿಗೆ?

ಇವತ್ತು ನಮ್ಮ ಬೈಕ್‌ಗಳಲ್ಲಿರೋ ರೋಲರ್ ಚೈನಿನ ಮೂಲ ವಿನ್ಯಾಸ ಹಾನ್ಸ್ ರೆನಾಲ್ಡ್ ಅನ್ನೋ ಎಂಜಿನಿಯರ್‌ದು. 1880ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಮಾಡಿದ್ದು. ಒಂದು ಪಿನ್, ಅದರ ಸುತ್ತ ಬುಶ್, ಅದರ ಮೇಲೆ ತಿರುಗೋ ರೋಲರ್. ಸವೆತ ಮುಖ್ಯವಾಗಿ ನಡೆಯೋದು ಪಿನ್ ಮತ್ತು ಬುಶ್ ನಡುವೆ, ಹೊರಗೆ ಕಾಣದ ಜಾಗದಲ್ಲಿ. "ಚೈನ್ ಎಳೆದು ಉದ್ದವಾಯ್ತು" ಅಂತೀವಲ್ಲ, ನಿಜವಾಗಿ ಉಕ್ಕು ಹಿಗ್ಗಿರೋದಿಲ್ಲ. ಒಂದೊಂದು ಕೊಂಡಿಯಲ್ಲೂ ಪಿನ್ ಚೂರು ಚೂರು ಸವೆದಿರುತ್ತೆ.

ಲೆಕ್ಕ ನೋಡಿ. ಸಣ್ಣ ಬೈಕ್‌ಗಳಲ್ಲಿ ಸಾಮಾನ್ಯವಾಗಿರೋ 428 ನಂಬರ್ ಚೈನ್‌ನಲ್ಲಿ ಒಂದು ಪಿನ್‌ನಿಂದ ಮುಂದಿನ ಪಿನ್‌ಗೆ 12.7 ಮಿಲಿಮೀಟರ್. 20 ಕೊಂಡಿಗೆ 254 ಮಿಲಿಮೀಟರ್. ಒಂದೊಂದು ಕೊಂಡಿ ಬರೀ ಕಾಲು ಮಿಲಿಮೀಟರ್ ಸವೆದರೂ ಅದು 259 ಆಗುತ್ತೆ. ಅಲ್ಲಿಗೆ ಚೈನಿನ ಆಯುಷ್ಯ ಮುಗಿಯಿತು ಅಂತಲೇ ಅರ್ಥ.

ಚೈನ್‌ಗಳಲ್ಲಿ ಎರಡು ಜಾತಿ. ಒಂದು ಸಾದಾ ಚೈನ್. ಇದರ ಪಿನ್‌ಗೆ ನೀವು ಹಾಕೋ ಎಣ್ಣೆಯೇ ಗತಿ, ಅದು ಒಳಗೆ ಇಳಿಯಬೇಕು. ಇನ್ನೊಂದು ಓ-ರಿಂಗ್ ಅಥವಾ ಎಕ್ಸ್-ರಿಂಗ್ ಚೈನ್. ಇದರಲ್ಲಿ ಕಂಪನಿಯವರೇ ಪಿನ್ ಒಳಗೆ ಗ್ರೀಸ್ ತುಂಬಿ, ಎರಡೂ ಕಡೆ ಸಣ್ಣ ರಬ್ಬರ್ ಉಂಗುರ ಹಾಕಿ ಮುಚ್ಚಿರುತ್ತಾರೆ. ಇಲ್ಲಿ ನೀವು ಹಾಕೋ ಎಣ್ಣೆಯ ಕೆಲಸ ರೋಲರ್‌ಗೆ ಜಾರಿಕೆ ಕೊಡೋದು, ತುಕ್ಕು ತಡೆಯೋದು, ಆ ಉಂಗುರ ಒಣಗದಂತೆ ಕಾಯೋದು. ಪೆಟ್ರೋಲ್ ಹಾಕಿ ತೊಳೆದರೆ, ಗಟ್ಟಿ ತಂತಿ ಬ್ರಷ್‌ನಿಂದ ಉಜ್ಜಿದರೆ ಆ ಉಂಗುರ ಹಾಳಾಗುತ್ತೆ. ಒಮ್ಮೆ ಹಾಳಾದರೆ ಒಳಗಿನ ಗ್ರೀಸ್ ಹೊರಗೆ, ಹೊರಗಿನ ಧೂಳು ಒಳಗೆ.

ನಿಮ್ಮದು ಯಾವ ಜಾತಿ ಅಂತ ಬೈಕ್ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತೆ. ಕೊಂಡಿಗಳ ಪಟ್ಟಿ ನಡುವೆ ಬಗ್ಗಿ ನೋಡಿದರೂ ಕಪ್ಪು ರಬ್ಬರ್ ಕಾಣುತ್ತೆ.

ಅಂಗಡಿಯಲ್ಲಿ ಸಿಗೋದು ಏನೇನು?

*ಎಂಜಿನ್‌ನಿಂದ ತೆಗೆದ ಹಳೆ ಆಯಿಲ್:* ಪುಕ್ಕಟೆ ಸಿಗುತ್ತೆ, ಅದಕ್ಕೇ ಎಲ್ಲರೂ ಹಾಕ್ತಾರೆ. ಆದರೆ ಅದರಲ್ಲಿ ಮಸಿ, ಲೋಹದ ಪುಡಿ ಎರಡೂ ಇರುತ್ತೆ. ಎಂಜಿನ್‌ಗೇ ಬೇಡವಾಗಿದ್ದು ಚೈನಿಗೆ ಯಾಕೆ?

*ಗ್ರೀಸ್:* ದಪ್ಪಗೆ ಮೇಲೇ ಕೂರುತ್ತೆ, ಸಂದಿಗೆ ಇಳಿಯೋದಿಲ್ಲ. ತೆರೆದ ಚೈನಿಗೆ ಹಚ್ಚಿದರೆ ನಮ್ಮ ರಸ್ತೆಯಲ್ಲಿ ಒಂದೇ ದಿನಕ್ಕೆ ಬೂದು ಹಿಟ್ಟು.

*ಡಬ್ಲ್ಯುಡಿ-40:* ಹೆಸರಿನಲ್ಲೇ ಅದರ ಕೆಲಸ ಇದೆ. 1953ರಲ್ಲಿ ಅಮೆರಿಕದಲ್ಲಿ ನೀರನ್ನು ಹೊರದಬ್ಬಿ ತುಕ್ಕು ತಡೆಯೋ ದ್ರವಕ್ಕಾಗಿ ಮಾಡಿದ ಪ್ರಯತ್ನಗಳಲ್ಲಿ 40ನೆಯದು ಫಲ ಕೊಟ್ಟಿತಂತೆ. ಹಾಗಾಗಿ ಆ ಹೆಸರು. ಎಲ್ಲೆಡೆ ಸಿಗೋ ಆ ಸಾಮಾನ್ಯ ಡಬ್ಬಿ ತೆಳು. ಚೈನ್ ಮೇಲೆ ಬಹಳ ದಿನ ನಿಲ್ಲೋದಿಲ್ಲ. ಅದನ್ನು ಹೊಡೆದು "ಲೂಬ್ ಆಯ್ತು" ಅಂತ ಹೊರಡಬೇಡಿ.

*90 ನಂಬರ್ ಗೇರ್ ಆಯಿಲ್:* ಇದು ಹಳೇ ನಂಬಿಕಸ್ಥ. ಎಷ್ಟೋ ಬೈಕ್‌ಗಳ ಪುಸ್ತಕದಲ್ಲಿ ಎಸ್‌ಎಇ 90 ಅಥವಾ 80ಡಬ್ಲ್ಯು-90 ಅಂತಲೇ ಬರೆದಿರುತ್ತೆ. ಅಗ್ಗ, ಸೇಡಂ-ಚಿಂಚೋಳಿಯ ಸಣ್ಣ ಆಯಿಲ್ ಅಂಗಡಿಯಲ್ಲೂ ಕೇಳಬಹುದು, ಸಂದಿಗೆ ಇಳಿಯುತ್ತೆ. ತೊಂದರೆ ಒಂದೇ. ಹೆಚ್ಚಾದರೆ ಚಕ್ರ, ಪ್ಯಾಂಟು ಎಲ್ಲದರ ಮೇಲೂ ಸಿಡಿಯುತ್ತೆ.

*ಅಂಟು ಚೈನ್ ಸ್ಪ್ರೇ:* ಹೊಡೆಯುವಾಗ ನೀರಿನಂತೆ ಒಳಗೆ ಹೋಗುತ್ತೆ. ಆಮೇಲೆ ಅದರಲ್ಲಿರೋ ದ್ರಾವಕ ಆವಿಯಾಗಿ ಅಂಟು ಪದರ ಉಳಿಯುತ್ತೆ. ಸಿಡಿಯೋದು ಕಡಿಮೆ, ಮಳೆಗೆ ತಡೆಯುತ್ತೆ, ಧೂಳನ್ನು ಮಾತ್ರ ಬಿಡೋದಿಲ್ಲ.

*ವ್ಯಾಕ್ಸ್ ಅಥವಾ ಡ್ರೈ ಲೂಬ್:* ಒಣಗಿದ ಮೇಲೆ ಮೇಣದಂಥ ತೆಳು ಪದರ. ಧೂಳು ಕಡಿಮೆ ಅಂಟುತ್ತೆ. ಆದರೆ ಬೇಗ ಸವೆಯುತ್ತೆ, ಪದೇ ಪದೇ ಹಾಕಬೇಕು.

ಸ್ಪ್ರೇ ಯಾವುದೇ ಇರಲಿ, ನಿಮ್ಮದು ರಬ್ಬರ್ ಉಂಗುರದ ಚೈನ್ ಆಗಿದ್ದರೆ ಡಬ್ಬಿ ಮೇಲೆ ಓ-ರಿಂಗ್‌ಗೆ ಸುರಕ್ಷಿತ ಅಂತ ಇದೆಯಾ ಓದಿ. ಕಂಪನಿಯ ಪುಸ್ತಕ ಇಂಥದ್ದೇ ಹಾಕಿ ಅಂದಿದ್ದರೆ ಅದೇ ಕೊನೆಯ ಮಾತು.

ಯಾರಿಗೆ ಯಾವುದು?

ನೀವು ಶಹಾಬಾದ್, ವಾಡಿ, ಸೇಡಂ ಸುತ್ತ ಕಾರ್ಖಾನೆ, ಗಣಿ ರಸ್ತೆಯಲ್ಲಿ ದಿನಾ ಓಡಾಡೋರಾ? ಮಳೆಗಾಲ ಮುಗಿದ ಮೇಲಿಂದ ಮೇ ತನಕ ಅಂಟು ಸ್ಪ್ರೇ ಬದಿಗಿಡಿ. ಡ್ರೈ ಲೂಬ್ ಹಾಕಿ, ಇಲ್ಲವೇ ಗೇರ್ ಆಯಿಲ್ ತೆಳ್ಳಗೆ ಹಾಕಿ ಚೆನ್ನಾಗಿ ಒರೆಸಿ.

ಚಿತ್ತಾಪುರ ಕಡೆ ತೊಗರಿ ಹೊಲದ ದಾರಿ ಹಿಡಿಯೋರಿಗೆ ಮಳೆಗಾಲದಲ್ಲಿ ಎರೆ ಮಣ್ಣಿನ ಕಾಟ. ಚಕ್ರಕ್ಕೆ ಮೆತ್ತಿದ ಮಣ್ಣು ಚೈನಿಗೂ ಮೆತ್ತುತ್ತೆ. ಅದು ಒಣಗೋಕೆ ಮೊದಲೇ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಸರ್ವಿಸ್ ಸ್ಟೇಷನ್‌ನ ಜೋರು ನೀರಿನ ಪೈಪನ್ನು ಚೈನಿನ ಹತ್ತಿರ ಹಿಡಿಸಬೇಡಿ. ಒರೆಸಿ, ಒಣಗಿಸಿ, ಅದೇ ರಾತ್ರಿ ಎಣ್ಣೆ ಹಾಕಿ.

ಚಿಂಚೋಳಿ, ಕುಂಚಾವರಂ ಕಾಡಿನ ಕಡೆ ಮಳೆಯಲ್ಲಿ ರೈಡ್ ಹೋಗೋ ಗೆಳೆಯರಿಗೆ ಅಂಟು ಸ್ಪ್ರೇ ಸರಿ. ನೀರಿಗೆ ಬೇಗ ತೊಳೆದು ಹೋಗೋದಿಲ್ಲ. ವಾಪಸ್ ಬಂದ ಮೇಲೆ ಅದನ್ನು ತೆಗೆದು ಸ್ವಚ್ಛ ಮಾಡೋದು ಮರೀಬೇಡಿ.

ಸ್ಪ್ಲೆಂಡರ್‌ನಂಥ ಬೈಕ್ ಇದ್ದು, ಚೈನ್ ಮೇಲೆ ಪೂರ್ತಿ ತಗಡಿನ ಕವರ್ ಇದೆಯಾ? ನೀವೇ ಅದೃಷ್ಟವಂತರು. ಶಬ್ದ ಮಾಡುತ್ತೆ, ಚಂದ ಕಾಣಲ್ಲ ಅಂತ ಅದನ್ನು ಬಿಚ್ಚಿಸಬೇಡಿ. ನಮ್ಮ ಧೂಳಿಗೆ ಆ ಕವರ್‌ಗಿಂತ ಒಳ್ಳೆ ಲೂಬ್ ಇಲ್ಲ.

ಹದಿನೈದು ನಿಮಿಷದ ಕೆಲಸ

ಸಾಮಾನ್ಯವಾಗಿ 500 ಕಿಲೋಮೀಟರ್‌ಗೊಮ್ಮೆ ಎಣ್ಣೆ ಅಂತಾರೆ. ದಿನಕ್ಕೆ 30 ಕಿಲೋಮೀಟರ್ ಓಡಿಸಿದರೆ ಅದು 17 ದಿನಕ್ಕೇ ಬಂತು. ಧೂಳಿನ ರಸ್ತೆಯಾದರೆ ಇನ್ನೂ ಬೇಗ. ನಾನು ಭಾನುವಾರಕ್ಕೊಂದು ಸಲ ಒರೆಸೋದು, ಎರಡು ವಾರಕ್ಕೊಮ್ಮೆ ಎಣ್ಣೆ ಹಾಕೋದು ಅಂತ ಇಟ್ಟುಕೊಂಡಿದ್ದೀನಿ.

ರಾತ್ರಿ ಮನೆಗೆ ಬಂದ ಮೇಲೆ ಮಾಡಿ. ಓಡಿದ ಚೈನ್ ಬೆಚ್ಚಗಿರುತ್ತೆ, ಎಣ್ಣೆ ಒಳಗೆ ಇಳಿಯುತ್ತೆ, ಬೆಳಗಿನ ತನಕ ಕೂರುತ್ತೆ. ಹಾಕಿದ ತಕ್ಷಣ ಹೊರಟರೆ ಅರ್ಧ ಎಣ್ಣೆ ರಸ್ತೆಗೆ.

ಮೊದಲು ಎಂಜಿನ್ ಆಫ್, ಗೇರ್ ನ್ಯೂಟ್ರಲ್. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರವನ್ನು ಕೈಯಿಂದಲೇ ತಿರುಗಿಸಿ. ಎಂಜಿನ್ ಚಾಲು ಇಟ್ಟು, ಗೇರ್ ಹಾಕಿ, ತಿರುಗೋ ಚೈನಿಗೆ ಬಟ್ಟೆ ಹಿಡಿಯೋದನ್ನು ಕೆಲವರು ಮಾಡ್ತಾರೆ. ಬಟ್ಟೆಯ ಜೊತೆ ಬೆರಳೂ ಹಲ್ಲಿನೊಳಗೆ ಹೋಗುತ್ತೆ. ದಯವಿಟ್ಟು ಬೇಡ.

ಸ್ವಚ್ಛ ಮಾಡೋಕೆ ಸೀಮೆಎಣ್ಣೆ, ನಮ್ಮ ಕಡೆಯ ಚಿಮಣಿ ಎಣ್ಣಿ, ಮತ್ತು ಮೆತ್ತನೆ ಬ್ರಷ್ ಸಾಕು. ಸಿಗದಿದ್ದರೆ ಚೈನ್ ಕ್ಲೀನರ್ ಡಬ್ಬಿ. ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಆಮೇಲೆ ಚೈನಿನ ಕೆಳಗಿನ ಸಾಲಿನಲ್ಲಿ, ಒಳಮೈ ಮೇಲೆ ಎಣ್ಣೆ ಹಾಕಿ. ಚಕ್ರ ತಿರುಗಿದಾಗ ಅದು ತಾನಾಗೇ ಹೊರಗಿನ ಕಡೆ ಹರಡುತ್ತೆ. ಟೈರ್‌ಗೆ, ಬ್ರೇಕ್ ಡಿಸ್ಕ್‌ಗೆ ಒಂದು ಹನಿಯೂ ಬೀಳದಂತೆ ಹಳೇ ಪೇಪರ್ ಅಡ್ಡ ಹಿಡಿಯಿರಿ. ಹದಿನೈದು ನಿಮಿಷ ಬಿಟ್ಟು ಹೊರಮೈಯನ್ನು ಮತ್ತೆ ಒರೆಸಿ. ಕೈಗೆ ಹತ್ತುವಷ್ಟು ಎಣ್ಣೆ ಹೊರಗೆ ಉಳಿದಿದ್ದರೆ ಅದು ಧೂಳಿಗೆ ಕೊಟ್ಟ ಆಮಂತ್ರಣ.

ಹಾಗೇ ಕುಳಿತಲ್ಲೇ ಎರಡು ಪರೀಕ್ಷೆ. ಚೈನಿನ ಕೆಳಸಾಲನ್ನು ನಡುವೆ ಬೆರಳಿಂದ ಎತ್ತಿ ಇಳಿಸಿ. ಹೆಚ್ಚಿನ ಸಣ್ಣ ಬೈಕ್‌ಗಳಲ್ಲಿ 20ರಿಂದ 30 ಮಿಲಿಮೀಟರ್ ಆಡಬೇಕು. ನಿಮ್ಮ ಬೈಕಿನ ಅಳತೆ ಪುಸ್ತಕದಲ್ಲಿದೆ. ಇನ್ನೊಂದು, ಹಿಂದಿನ ಹಲ್ಲುಚಕ್ರದ ತೀರ ಹಿಂಭಾಗದಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಅದಕ್ಕೆ ಯಾವ ಎಣ್ಣೆಯೂ ಮದ್ದಲ್ಲ. ಚೈನ್ ಮತ್ತು ಎರಡೂ ಹಲ್ಲುಚಕ್ರ ಒಟ್ಟಿಗೇ ಬದಲಾಯಿಸಬೇಕು. ಹಳೇ ಹಲ್ಲಿನ ಮೇಲೆ ಹೊಸ ಚೈನ್ ಹಾಕಿಸಿದರೆ ಹೊಸದೂ ಬೇಗ ಹಾಳು.

ಈ ಎರಡು ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಆ ಮೇ ತಿಂಗಳಲ್ಲಿ ಒಮ್ಮೆ ಮಾಡಿದ್ದರೆ ಅವ್ವನ ಮೊಣಕಾಲು ತರಚುತ್ತಿರಲಿಲ್ಲ. ಟ್ಯಾಂಕರ್ ಇನ್ನೂ ಹತ್ತು ಅಡಿ ಹತ್ತಿರ ಇದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಒಮ್ಮೊಮ್ಮೆ ನಿದ್ದೆಗೆಡಿಸಿಕೊಳ್ಳುತ್ತೀನಿ.

ಈಗ ನನ್ನ ಬೈಕಿನ ಸೀಟಿನ ಕೆಳಗೆ ಅವ್ವನ ಹಳೇ ಸೀರೆಯ ತುಂಡೊಂದು ಇದೆ. ಅವ್ವನೇ ಹರಿದು ಕೊಟ್ಟಿದ್ದು. ಭಾನುವಾರ ಅಂಗಳದಲ್ಲಿ ಬೈಕ್ ನಿಲ್ಲಿಸಿದರೆ ಅವ್ವ ಒಳಗಿನಿಂದಲೇ ಕೂಗ್ತಾಳೆ: "ಎಣ್ಣಿ ಆಮ್ಯಾಲ ಹಾಕು ತಮ್ಮಾ, ಮೊದಲ ಒರಸು."