ಮೇಸ್ತ್ರಿಯ ಬಾಕಿಗೆ ಮನೆಯೇ ಜಾಮೀನು

1791ರ ನವೆಂಬರಿನಲ್ಲಿ ಪಿಯೇರ್ ಲಾನ್‌ಫಾಂ ಎಂಬ ಫ್ರೆಂಚ್ ಎಂಜಿನಿಯರ್, ಡೇನಿಯಲ್ ಕ್ಯಾರಲ್ ಎಂಬ ಜಮೀನ್ದಾರ ಕಟ್ಟಿಸುತ್ತಿದ್ದ ಮನೆಯನ್ನು ಆಳುಗಳನ್ನು ಬಿಟ್ಟು ಕೆಡವಿಸಿದ. ಅಮೆರಿಕದ ಹೊಸ ರಾಜಧಾನಿಗೆ ತಾನು ಬರೆದ ನಕ್ಷೆಯಲ್ಲಿ ಅದು ರಸ್ತೆಗೆ ಅಡ್ಡ ಬಂದಿತ್ತು, ಅಷ್ಟೇ. ಊರು ಕಟ್ಟಿಸಲು ಅಧ್ಯಕ್ಷ ವಾಷಿಂಗ್ಟನ್ ನೇಮಿಸಿದ್ದ ಮೂವರು ಕಮಿಷನರುಗಳನ್ನು ಅವನು ಕೇಳಲೂ ಇಲ್ಲ. ಆ ಮೂವರಲ್ಲೊಬ್ಬನ ಹೆಸರೂ ಡೇನಿಯಲ್ ಕ್ಯಾರಲ್ಲೇ. ಬಿದ್ದದ್ದು ಅವನ ಬಂಧುವಿನ ಮನೆ! ಮೂರೇ ತಿಂಗಳಲ್ಲಿ ಲಾನ್‌ಫಾಂ ಕೆಲಸ ಕಳೆದುಕೊಂಡ.

ಈ ರಂಪದ ನಡುವೆಯೇ, ಡಿಸೆಂಬರ್ 19ರಂದು, ಮೇರಿಲ್ಯಾಂಡ್ ಶಾಸನಸಭೆ ರಾಜಧಾನಿಯ ಬಗ್ಗೆ ಒಂದು ಕಾಯ್ದೆ ಮಾಡಿತು. ಅದರೊಳಗೆ ಹುದುಗಿದ್ದ ಒಂದು ಕಲಮನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಊರು ಇನ್ನೂ ಕಾಗದದ ಮೇಲಿತ್ತು. ಸೈಟಿದ್ದವರ ಕೈಯಲ್ಲಿ ನಗದಿರಲಿಲ್ಲ. ಇಟ್ಟಿಗೆ, ಸುಣ್ಣ, ಮರ, ಕೂಲಿ ಎಲ್ಲಕ್ಕೂ ಕೈಯಿಂದ ಹಾಕಿ ಮನೆ ಎಬ್ಬಿಸುವ ಮೇಸ್ತ್ರಿ ಎಲ್ಲಿ ಸಿಗಬೇಕು? ಇಂಗ್ಲಿಷ್ ಕಾನೂನಿನಲ್ಲಂತೂ ಗೋಡೆಗೆ ಕೂತ ಇಟ್ಟಿಗೆ ನೆಲದ ಒಡೆಯನದೇ. ಅದಕ್ಕೇ ಹೊಸ ಕಲಂ ಬಂತು: ಕರಾರು ಬರವಣಿಗೆಯಲ್ಲಿದ್ದು ದಾಖಲಾಗಿದ್ದರೆ, ಬಾಕಿ ತೀರುವವರೆಗೆ ಮನೆಯ ಮೇಲೂ ಅದರಡಿಯ ನೆಲದ ಮೇಲೂ ಕಟ್ಟಿದವನಿಗೆ ಹಕ್ಕು.

ಪೆನ್ಸಿಲ್ವೇನಿಯಾ 1803ರಲ್ಲಿ ಇದೇ ದಾರಿ ಹಿಡಿಯಿತು. ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳು ಈ ಹಕ್ಕನ್ನು ಸಂವಿಧಾನದಲ್ಲೇ ಬರೆದುಕೊಂಡವು. ಇಂದು ಅಲ್ಲಿ ಇದಿಲ್ಲದ ರಾಜ್ಯವಿಲ್ಲ.

ಹಾಗೆಂದು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಕ್ಯಾಪಿಟಲ್ ಕಟ್ಟಡಕ್ಕೂ ಶ್ವೇತಭವನಕ್ಕೂ ದುಡಿದವರಲ್ಲಿ ಬಾಡಿಗೆಗೆ ತಂದ ಗುಲಾಮರಿದ್ದರು. ಅವರ ಕೂಲಿ ಯಜಮಾನರ ಜೇಬು ಸೇರುತ್ತಿತ್ತು. ಇನ್ನು ನಕ್ಷೆ ಬರೆದ ಲಾನ್‌ಫಾಂ? ಐನೂರು ಗಿನಿ, ಜೊತೆಗೊಂದು ಸೈಟು ಕೊಡುತ್ತೇವೆಂದರೆ ಸಿಟ್ಟಿನಿಂದ ಒಲ್ಲೆನೆಂದ. ಆಮೇಲೆ 95,500 ಡಾಲರ್ ಕೇಳಿ ಸಂಸತ್ತಿಗೆ ಅರ್ಜಿ ಹಾಕಿದ, ದಕ್ಕಿದ್ದು ಚಿಲ್ಲರೆ. ಫಿಲಡೆಲ್ಫಿಯಾದಲ್ಲಿ ವ್ಯಾಪಾರಿ ರಾಬರ್ಟ್ ಮಾರಿಸ್‌ಗಾಗಿ ಹಮ್ಮಿಕೊಂಡ ಅರಮನೆಯಂಥ ಮನೆಯೂ ಮುಗಿಯಲಿಲ್ಲ. ರಾಜಧಾನಿಯ ಸೈಟುಗಳನ್ನು ಸಗಟಾಗಿ ಕೊಂಡು ದಿವಾಳಿಯೆದ್ದ ಮಾರಿಸ್, ಸಾಲಗಾರರ ಜೈಲು ಸೇರಿದ. 1825ರಲ್ಲಿ ಲಾನ್‌ಫಾಂ ಪರರ ಮನೆಯಲ್ಲಿ ಬಡವನಾಗಿ ಸತ್ತ. ಜಗಳಗಂಟನೇ ಇರಬಹುದು, ಆದರೆ ದುಡಿಮೆಯ ಬಾಕಿ ಬಾಕಿಯೇ.

ನನಗೆ ರೇಗುವುದು ನಮ್ಮ ಕಾಯ್ದೆ ನೋಡಿದಾಗ. 1872ರ ಕರಾರು ಕಾಯ್ದೆಯ 170ನೇ ಕಲಂ, ವಜ್ರ ಕತ್ತರಿಸುವವನನ್ನೂ ಕೋಟು ಹೊಲಿಯುವ ದರ್ಜಿಯನ್ನೂ ಉದಾಹರಿಸಿ, ಕೂಲಿ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದು ಎನ್ನುತ್ತದೆ. ಸೈಟು ಮಾರಿದವನಿಗೆ ಪೂರ್ತಿ ಹಣ ಬಾರದಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಇದೆ. ಆ ಸೈಟಿನಲ್ಲಿ ಪಾಯ ತೆಗೆದು, ಮೋಲ್ಡ್ ಹಾಕಿ, ಗಾರೆ ಮುಗಿಸಿದ ಮೇಸ್ತ್ರಿಗೆ ಮಾತ್ರ ಅಂಥ ಆಸರೆಯಿಲ್ಲ. ‘ಗೃಹಪ್ರವೇಶ ಆಗಲಿ, ಸೆಟ್ಲ್ ಮಾಡೋಣ’ ಎಂಬ ಮಾತಿಗೆ ತಲೆಯಾಡಿಸಿ ಬೀಗದ ಕೈ ಕೊಟ್ಟರೆ, ಮೂರು ವರ್ಷದೊಳಗೆ ದಾವೆ ಹೂಡಿ ಹಣ ಕೇಳಬೇಕು. ಕೋರ್ಟು ಜಪ್ತಿ ಆದೇಶ ಕೊಡುವ ಮೊದಲೇ ಮಾಲೀಕ ಮನೆ ಮಾರಿದರೆ, ಕೊಳ್ಳುವವನು ತೆಗೆಸುವ ಋಣಭಾರ ಪತ್ರದಲ್ಲಿ (ಇ.ಸಿ.) ಮೇಸ್ತ್ರಿಯ ಬಾಕಿ ಕಾಣುವುದೇ ಇಲ್ಲ.