ಕಂಪ್ಯೂಟರ್ ಜಾಲದ ಪ್ರಮಾಣಪತ್ರಕ್ಕೆ ಬೆಲೆ ಎಷ್ಟು?

ನಮ್ಮ ಬೆಳೆಗಾರ ಬಂಧುಗಳ ಮನೆಗಳಲ್ಲಿ ಇತ್ತೀಚೆಗೆ ಒಂದು ಹೊಸ ಖರ್ಚಿನ ಮಾತು ಕೇಳಿಬರುತ್ತಿದೆ. ಹಾವೇರಿ ಬಳಿಯ ದೇವಗಿರಿಯ ಸರಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲೋ ರಾಣೆಬೆನ್ನೂರಿನ ತಾಂತ್ರಿಕ ಕಾಲೇಜಿನಲ್ಲೋ ಓದಿದ ಮಕ್ಕಳು, ಪದವಿಯೊಂದೇ ಸಾಲದು, ಸಿಸ್ಕೋ ಕಂಪನಿಯ ಪ್ರಮಾಣಪತ್ರವೂ ಬೇಕು, ಅದಕ್ಕೆ ಬೆಂಗಳೂರಿನಲ್ಲಿ ತರಬೇತಿ ಪಡೆಯಬೇಕು ಎನ್ನುತ್ತಾರೆ. ಅಡಿಕೆ ಮಾರಿದ ಹಣವನ್ನು ಇದಕ್ಕೆ ಹಾಕಬಹುದೆ, ಸಾಲ ತೆಗೆದರೆ ತೀರೀತೆ ಎಂಬ ಚಿಂತೆ ಹಿರಿಯರದು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಸುವುದು ಯುಕ್ತವೆಂದು ಭಾವಿಸಿದ್ದೇವೆ.

ಏನಿದು ಪ್ರಮಾಣಪತ್ರ?

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಗೆ ವರ್ತಕರು ಬರೆಯುವ ದರ ಇಂದು ಕಂಪ್ಯೂಟರ್ ಮೂಲಕ ದಾಖಲಾಗುತ್ತದೆ. ಬ್ಯಾಂಕಿನ ಶಾಖೆ, ತಾಲ್ಲೂಕು ಕಚೇರಿ, ಗ್ರಾಮ ಪಂಚಾಯತಿ ಎಲ್ಲವೂ ತಂತಿ ಅಥವಾ ಗಾಜಿನ ಎಳೆಯ ಮೂಲಕ ಒಂದಕ್ಕೊಂದು ಜೋಡಣೆಯಾಗಿವೆ. ಇದೇ ಕಂಪ್ಯೂಟರ್ ಜಾಲ. ಕಾಲುವೆಯ ನೀರು ಯಾವ ಹೊಲಕ್ಕೆ ಹೋಗಬೇಕೆಂಬುದನ್ನು ತೂಬು ನಿರ್ಧರಿಸುವಂತೆ, ಜಾಲದಲ್ಲಿ ಸಂದೇಶ ಯಾವ ದಾರಿ ಹಿಡಿಯಬೇಕೆಂಬುದನ್ನು ರೂಟರ್, ಸ್ವಿಚ್ ಎಂಬ ಉಪಕರಣಗಳು ನಿರ್ಧರಿಸುತ್ತವೆ. ಇವುಗಳನ್ನು ಜೋಡಿಸಿ, ಕೆಟ್ಟಾಗ ಸರಿಪಡಿಸುವವರೇ ಜಾಲ ತಂತ್ರಜ್ಞರು.

ಈ ಉಪಕರಣಗಳನ್ನು ತಯಾರಿಸುವ ಕಂಪನಿಗಳು ತಾವೇ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತವೆ. ಸಿಸ್ಕೋ ಕಂಪನಿಯು 1993ರಲ್ಲಿ ಸಿಸಿಐಇ ಎಂಬ ಉನ್ನತ ಪರೀಕ್ಷೆಯನ್ನೂ 1998ರಲ್ಲಿ ಸಿಸಿಎನ್‌ಎ ಎಂಬ ಆರಂಭದ ಹಂತದ ಪರೀಕ್ಷೆಯನ್ನೂ ಜಾರಿಗೆ ತಂದಿತು. ಜುನಿಪರ್ ಮೊದಲಾದ ಇತರ ಕಂಪನಿಗಳೂ ಇಂಥವನ್ನು ನಡೆಸುತ್ತವೆ.

ಬೀಜದ ಚೀಟಿಯ ಹೋಲಿಕೆ

ರಾಣೆಬೆನ್ನೂರು ಸೀಮೆಯಲ್ಲಿ ಬೀಜೋತ್ಪಾದನೆ ಬಲ್ಲವರಿಗೆ ಇದರ ಬೆಲೆಯನ್ನು ಸುಲಭವಾಗಿ ತಿಳಿಸಬಹುದು. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಇರುತ್ತದೆ. ತಳಿ ಶುದ್ಧವಾಗಿದೆ, ಮೊಳಕೆ ಪರೀಕ್ಷೆಯಾಗಿದೆ ಎಂದು ಅದು ಹೇಳುತ್ತದೆಯೇ ಹೊರತು ಫಸಲಿನ ಭರವಸೆ ಕೊಡುವುದಿಲ್ಲ. ನೀರು, ಗೊಬ್ಬರ, ಕಳೆ ಕೀಳುವ ಕೆಲಸ ರೈತನದೇ. ಅದೂ ಅಲ್ಲದೆ ಆ ಚೀಟಿಗೆ 9 ತಿಂಗಳ ಅವಧಿ. ಅನಂತರ ಮರುಪರೀಕ್ಷೆ ಆಗಬೇಕು. ಸಿಸಿಎನ್‌ಎ ಪ್ರಮಾಣಪತ್ರವೂ ಹೀಗೆಯೇ. ಅದರ ಅವಧಿ 3 ವರ್ಷ. ಮತ್ತೆ ಪರೀಕ್ಷೆ ಬರೆದೋ ಮುಂದುವರಿದ ಕಲಿಕೆಯನ್ನು ತೋರಿಸಿಯೋ ನವೀಕರಿಸಬೇಕು.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ನೀಲಿ ಚೀಟಿ ಕೊಡುವುದು ಬೀಜ ಮಾರುವವರಲ್ಲ, ಬೇರೆಯೇ ಆದ ಪ್ರಮಾಣನ ಸಂಸ್ಥೆ. ಇಲ್ಲಿ ಉಪಕರಣ ಮಾರುವವರೇ ಪರೀಕ್ಷಕರು. ತಮ್ಮ ಉಪಕರಣವನ್ನು ಬಲ್ಲವರು ಹೆಚ್ಚಿದಷ್ಟೂ ಮಾರಾಟಕ್ಕೆ ಅನುಕೂಲವೆಂಬ ಲಾಭವೂ ಅವರಿಗಿದೆ.

ಹಾಗಾದರೆ ಪ್ರಯೋಜನವೇನು? ಮೊದಲನೆಯದಾಗಿ, ಒಂದು ಹುದ್ದೆಗೆ ನೂರಾರು ಅರ್ಜಿ ಬಂದಾಗ ಮೊದಲ ಜರಡಿಯಲ್ಲಿ ಉಳಿಯಲು ಅದು ನೆರವಾಗುತ್ತದೆ. ನಗರದಲ್ಲಿ ಪರಿಚಯದವರಿಲ್ಲದ ಹಳ್ಳಿಯ ಮಕ್ಕಳಿಗೆ ಇದು ಸಣ್ಣ ಸಹಾಯವಲ್ಲ. ಎರಡನೆಯದಾಗಿ, ಈ ಕಂಪನಿಗಳ ಮಾರಾಟ ಪಾಲುದಾರ ಸಂಸ್ಥೆಗಳಲ್ಲಿ ಪ್ರಮಾಣಪತ್ರ ಪಡೆದ ನೌಕರರು ಇರಬೇಕೆಂಬ ನಿಯಮವುಂಟು. ಅಂಥ ಕಡೆ ಈ ಕಾಗದಕ್ಕೆ ನೇರ ಬೆಲೆಯಿದೆ. ಮೂರನೆಯದಾಗಿ, ಪರೀಕ್ಷೆಯ ನೆಪದಿಂದ ಓದು ಕ್ರಮಬದ್ಧವಾಗುತ್ತದೆ.

ಆದರೆ ಕಾಗದದ ಬೆಲೆ ಏರಿಳಿಯುತ್ತದೆ. 1990ರ ದಶಕದಲ್ಲಿ ನಾವೆಲ್ ಕಂಪನಿಯ ಪ್ರಮಾಣಪತ್ರಕ್ಕೆ ಭಾರಿ ಬೇಡಿಕೆಯಿತ್ತು. ಅದರ ತಂತ್ರಾಂಶ ಮೂಲೆ ಸೇರಿದೊಡನೆ ಬೇಡಿಕೆಯೂ ಇಳಿಯಿತು. ಮೈಕ್ರೋಸಾಫ್ಟ್ ತನ್ನ ಹೆಸರಾಂತ ಎಂಸಿಎಸ್‌ಇ ಪ್ರಮಾಣಪತ್ರವನ್ನು 2021ರ ಜನವರಿಯಲ್ಲಿ ನಿಲ್ಲಿಸಿತು. ಉಳಿದದ್ದು ಮೂಲ ಜ್ಞಾನ ಮಾತ್ರ: ವಿಳಾಸಗಳ ವಿಂಗಡಣೆ, ಸಂದೇಶದ ದಾರಿ, ತಪ್ಪು ಹುಡುಕುವ ಕ್ರಮ. ಕಂಪನಿ ಬದಲಾದರೂ ಇವು ಬದಲಾಗುವುದಿಲ್ಲ.

ಹಣ ಕೊಡುವ ಮುನ್ನ

ತರಬೇತಿಯ ಶುಲ್ಕ ಬೇರೆ, ಪರೀಕ್ಷೆಯ ಶುಲ್ಕ ಬೇರೆ ಎಂಬುದನ್ನು ಸದಸ್ಯರು ಮುಖ್ಯವಾಗಿ ಗಮನಿಸಬೇಕು. ಸಿಸಿಎನ್‌ಎ ಪರೀಕ್ಷೆ ಬರೆಯಲು ಯಾವ ತರಬೇತಿ ಸಂಸ್ಥೆಯನ್ನೂ ಸೇರಲೇಬೇಕೆಂಬ ಕಟ್ಟಳೆ ಇಲ್ಲ. ಪರೀಕ್ಷಾ ಶುಲ್ಕ 300 ಡಾಲರ್. ನಮ್ಮ ಹಣದಲ್ಲಿ ತೆರಿಗೆಯೂ ಸೇರಿ 25,000 ರೂಪಾಯಿಗೂ ಮಿಕ್ಕುತ್ತದೆ. ಅನುತ್ತೀರ್ಣರಾದರೆ ಮತ್ತೆ ಪೂರ್ತಿ ಶುಲ್ಕ ಕಟ್ಟಬೇಕು. ಅಭ್ಯಾಸಕ್ಕೆ ಬೇಕಾದ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶವನ್ನು ಸಿಸ್ಕೋ ಕಂಪನಿಯೇ ಉಚಿತವಾಗಿ ಒದಗಿಸುತ್ತದೆ. ಮನೆಯ ಕಂಪ್ಯೂಟರಿನಲ್ಲೇ ಹತ್ತಾರು ರೂಟರುಗಳನ್ನು ಜೋಡಿಸಿದಂತೆ ಮಾಡಿ ಕಲಿಯಬಹುದು.

ಆರಂಭದಿಂದ ಸಿಸಿಐಇವರೆಗೆ ಎಲ್ಲಕ್ಕೂ ಒಟ್ಟಿಗೆ ಹಣ ಕಟ್ಟಿಸಿಕೊಂಡು, ಕೆಲಸ ಖಾತ್ರಿ ಎನ್ನುವವರ ಬಗ್ಗೆ ಎಚ್ಚರವಿರಲಿ. ಸಿಸಿಐಇಗೆ ಉಪಕರಣಗಳ ಮೇಲೆ 8 ಗಂಟೆಗಳ ಪ್ರಾಯೋಗಿಕ ಪರೀಕ್ಷೆಯಿದೆ. ಅದು ಕೆಲಸ ಮಾಡಿ ಪಳಗಿದವರ ದಾರಿ. ಇನ್ನು ಕದ್ದ ಪ್ರಶ್ನೆಗಳನ್ನು ಮಾರುವವರೂ ಇದ್ದಾರೆ. ಬಾಯಿಪಾಠದಿಂದ ತೇರ್ಗಡೆಯಾದವರ ಬಣ್ಣ ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ಬಯಲಾಗುತ್ತದೆ. ಬ್ಯಾಡಗಿ ಕಾಯಿಯ ಕೆಂಪು ಕಾಯಿಯೊಳಗಿನದು. ಮೇಲೆ ಬಳಿದ ಬಣ್ಣ ನೀರಿಗೆ ಹಾಕಿದೊಡನೆ ಬಿಡುತ್ತದೆ. ಮೋಸ ಸಾಬೀತಾದರೆ ಕಂಪನಿಯು ಪ್ರಮಾಣಪತ್ರವನ್ನೇ ರದ್ದು ಮಾಡಬಹುದು.

ನಮ್ಮ ಅಭಿಪ್ರಾಯ ಇಷ್ಟು. ಮೊದಲು ಮನೆಯಲ್ಲೇ ಕೆಲವು ತಿಂಗಳು ಉಚಿತವಾಗಿ ಕಲಿಯಲಿ. ಮನೆಯ ಇಂಟರ್‌ನೆಟ್ ನಿಂತಾಗ ದೋಷ ಎಲ್ಲಿದೆಯೆಂದು ಹಂತಹಂತವಾಗಿ ಹುಡುಕಿ, ಹಿರಿಯರಿಗೂ ಅರ್ಥವಾಗುವಂತೆ ಹೇಳುವಷ್ಟಾದರೆ ಬುನಾದಿ ಬಿದ್ದಿದೆ ಎಂದು ತಿಳಿಯಬಹುದು. ಆಗ ಸಿಸಿಎನ್‌ಎ ಒಂದಕ್ಕೆ ಮಾತ್ರ ಶುಲ್ಕ ಕಟ್ಟಲಿ. ಕೆಲಸ ಸಿಕ್ಕ ಮೇಲೆ ಮುಂದಿನ ಹಂತವನ್ನು ಸಂಬಳದಿಂದಲೋ ಸಂಸ್ಥೆಯ ವೆಚ್ಚದಿಂದಲೋ ಮುಗಿಸಲಿ. ಅಡಿಕೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಕಾಯುತ್ತೇವೆ, ಏಕೆಂದರೆ ಮರ ದಶಕಗಳ ಕಾಲ ನಿಲ್ಲುತ್ತದೆ. 3 ವರ್ಷಕ್ಕೆ ಅವಧಿ ಮುಗಿಯುವ ಕಾಗದಕ್ಕಾಗಿ ಆ ತೋಟವನ್ನು ಅಡವಿಡುವುದು ಲೆಕ್ಕಕ್ಕೆ ಕೂಡುವ ಮಾತಲ್ಲ.