ದುಬೈಗೆ ಹೋಗುವ ಮುನ್ನ ಕಾಗದ ಓದೋಣ



ದುಬೈ ಎಂಬ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ‘ಅಲ್ಲಿಗೆ ಹೋದೋರೆಲ್ಲ ಸಾಹುಕಾರರಾದ್ರು’ ಅಂತ ಒಬ್ಬರು ಹೇಳುತ್ತಾರೆ. ‘ಹೋದೋರು ಸಾಲ ಹೊತ್ಕೊಂಡು ವಾಪಸ್ ಬಂದ್ರು’ ಅಂತ ಇನ್ನೊಬ್ಬರು ಹೇಳುತ್ತಾರೆ. ಇಬ್ಬರ ಮಾತಿನಲ್ಲೂ ನಿಜ ಉಂಟು. ದುಬೈಗೆ ಹೋದವರಿಗೆ ಲಾಭ ಆಗುತ್ತದೋ ನಷ್ಟ ಆಗುತ್ತದೋ, ಅದು ಬಹಳ ಮಟ್ಟಿಗೆ ಊರು ಬಿಡುವ ಮುಂಚೆಯೇ ತೀರ್ಮಾನ ಆಗಿಬಿಡುತ್ತದೆ. ಯಾರಿಗೆ ಹಣ ಕೊಟ್ಟಿರಿ? ಎಷ್ಟು ಸಾಲ ಮಾಡಿದಿರಿ? ಯಾವ ಕಾಗದಕ್ಕೆ ಸಹಿ ಹಾಕಿದಿರಿ? ಇದೇ ಮುಖ್ಯ. ನೀವು ಈಗ ಅಕ್ಷರ ಕಲಿತಿದ್ದೀರಿ. ಆ ಕಾಗದಗಳನ್ನು ಒಂದೊಂದಾಗಿ ನೋಡೋಣ.

ದುಡಿಯಲು ದೂರ ಹೋಗುವುದು ಹೊಸದಲ್ಲ

ಚಳ್ಳಕೆರೆ, ಮೊಳಕಾಲ್ಮೂರು ಬಯಲುಸೀಮೆ. ರಾಜ್ಯದಲ್ಲೇ ಬಹಳ ಕಡಿಮೆ ಮಳೆ ಬೀಳುವ ಜಾಗ ಇದು. ಮಳೆ ಕೈಕೊಟ್ಟರೆ ಶೇಂಗಾ ಹೋಯಿತು. ಆಗ ನಮ್ಮವರು ಏನು ಮಾಡುತ್ತಾರೆ? ಕುರಿ ಹೊಡೆದುಕೊಂಡು ನೀರು, ಮೇವು ಇರುವ ಕಡೆ ಹೋಗುತ್ತಾರೆ. ಮಲೆನಾಡಿನ ಕಾಫಿ ತೋಟಕ್ಕೆ ಹೋಗುತ್ತಾರೆ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ.

ದೂರದವರು ನಮ್ಮಲ್ಲಿಗೆ ಬಂದದ್ದೂ ಉಂಟು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಅವು 2,200 ವರ್ಷಕ್ಕೂ ಹಳೆಯವು. 1892ರಲ್ಲಿ ಬಿ.ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಶಾಸನ ಬರೆದವನ ಹೆಸರು ಚಪಡ. ಅವನು ಶಾಸನವನ್ನು ಬ್ರಾಹ್ಮಿ ಲಿಪಿಯಲ್ಲಿ ಬರೆದ. ಕೊನೆಗೆ ‘ಲಿಪಿಕಾರ’ ಎಂಬ ಮಾತನ್ನು ಮಾತ್ರ ಖರೋಷ್ಠಿ ಎಂಬ ಬೇರೆ ಲಿಪಿಯಲ್ಲಿ ಬರೆದ. ಆ ಲಿಪಿ ಬಳಕೆಯಲ್ಲಿದ್ದದ್ದು ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆ. ಅವನು ಅಲ್ಲಿಂದ ಬಂದವನೋ, ಅಲ್ಲಿ ಕಲಿತವನೋ ಇರಬೇಕು ಎಂದು ವಿದ್ವಾಂಸರು ಹೇಳುತ್ತಾರೆ. ಅಷ್ಟು ದೂರದ ನಂಟಿನವನಿಗೆ ಇಲ್ಲಿ ಕೆಲಸ ಕೊಟ್ಟದ್ದು ಅವನ ಅಕ್ಷರ.

ದುಬೈ ಎಂಥ ಊರು?

ದುಬೈ ಅರಬ್ ದೇಶದ ಸಮುದ್ರ ತೀರದ ಊರು. ಏಳು ಸಣ್ಣ ರಾಜ್ಯಗಳು ಸೇರಿ 1971–72ರಲ್ಲಿ ಒಂದು ದೇಶ ಆಯಿತು. ಅದರ ಹೆಸರು ಸಂಯುಕ್ತ ಅರಬ್ ಎಮಿರೇಟ್ಸ್. ಆ ಏಳರಲ್ಲಿ ದುಬೈ ಒಂದು.

ಮೊದಲು ಅಲ್ಲಿನ ಜನ ಸಮುದ್ರದಲ್ಲಿ ಮುಳುಗಿ ಮುತ್ತು ತೆಗೆಯುತ್ತಿದ್ದರು. ಮೀನು ಹಿಡಿಯುತ್ತಿದ್ದರು. ದೋಣಿಯಲ್ಲಿ ನಮ್ಮ ದೇಶದ ಜೊತೆ ವ್ಯಾಪಾರ ಮಾಡುತ್ತಿದ್ದರು. 1966ರವರೆಗೂ ಅಲ್ಲಿನ ಪೇಟೆಯಲ್ಲಿ ನಡೆಯುತ್ತಿದ್ದದ್ದು ರೂಪಾಯಿ! ಆ ವರ್ಷವೇ ಅಲ್ಲಿ ಎಣ್ಣೆ ನಿಕ್ಷೇಪ ಸಿಕ್ಕಿತು. ಈಗ ಅಲ್ಲಿನ ಹಣದ ಹೆಸರು ದಿರ್ಹಂ.

ಎಣ್ಣೆ ಒಂದರಿಂದಲೇ ದುಬೈ ಬೆಳೆಯಲಿಲ್ಲ. ಅದು ಬೆಳೆದದ್ದು ಪೇಟೆಯಿಂದ. ಚಳ್ಳಕೆರೆಯನ್ನೇ ನೋಡಿ. ಮಂಡಿಗೆ ಬರುವ ಶೇಂಗಾ ಎಲ್ಲ ಪಟ್ಟಣದಲ್ಲಿ ಬೆಳೆದದ್ದಲ್ಲ. ಸುತ್ತಲಿನ ಹಳ್ಳಿಗಳಿಂದ ಬರುತ್ತದೆ. ಕೊಳ್ಳುವವರೂ ಅಲ್ಲಿಗೇ ಬರುತ್ತಾರೆ. ಹಮಾಲಿ, ಲಾರಿ, ಎಣ್ಣೆ ಗಾಣ, ಹೋಟೆಲು, ಎಲ್ಲರಿಗೂ ಕೆಲಸ ಸಿಗುತ್ತದೆ. ದುಬೈ ಕೂಡ ಹಾಗೆಯೇ. ಅದು ದೇಶ ದೇಶಗಳ ಮಂಡಿ. ಭಾರತ, ಆಫ್ರಿಕಾ, ಯೂರೋಪಿನ ಸರಕು ಅಲ್ಲಿ ಇಳಿದು, ಅಲ್ಲಿಂದ ಮುಂದೆ ಹೋಗುತ್ತದೆ. 1979ರಲ್ಲಿ ಜೆಬೆಲ್ ಅಲಿ ಎಂಬ ದೊಡ್ಡ ಬಂದರು ತೆರೆಯಿತು. 1985ರಲ್ಲಿ ಬಂದರಿನ ಪಕ್ಕ ಹೊರದೇಶದ ಕಂಪನಿಗಳಿಗೆ ಸುಂಕ, ತೆರಿಗೆ ಕಡಿಮೆ ಮಾಡಿ ಜಾಗ ಕೊಟ್ಟರು. ಕಂಪನಿಗಳು ಬಂದವು. ಕಟ್ಟಡಗಳು ಎದ್ದವು. 2010ರಲ್ಲಿ 828 ಮೀಟರ್ ಎತ್ತರದ ಬುರ್ಜ್ ಖಲೀಫಾ ತೆರೆಯಿತು. ಅದು ಪ್ರಪಂಚದ ಅತಿ ಎತ್ತರದ ಕಟ್ಟಡ.

ಇಷ್ಟನ್ನು ಕಟ್ಟುವಷ್ಟು ಜನ ಅಲ್ಲಿ ಇರಲಿಲ್ಲ. ಹೊರಗಿನಿಂದ ಬಂದರು. 2011ರ ಜನಗಣತಿಯಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಜನ 16 ಲಕ್ಷಕ್ಕೂ ಹೆಚ್ಚು. ದುಬೈ ಊರು ಒಂದರಲ್ಲೇ ಈಗ ಅದರ ಎರಡರಷ್ಟಕ್ಕಿಂತ ಹೆಚ್ಚು ಜನ ಇದ್ದಾರೆ. ಹತ್ತು ಜನರಲ್ಲಿ ಒಂಬತ್ತು ಜನ ಹೊರದೇಶದವರು. ಕರ್ನಾಟಕದಿಂದ ಮಂಗಳೂರು, ಉಡುಪಿ, ಭಟ್ಕಳದ ಜನ ಬಹಳ ಹಿಂದೆಯೇ ಹೋಗಿ ನೆಲೆಸಿದ್ದಾರೆ. ಅವರಿಗೆ ಅಲ್ಲಿ ನೆಂಟರಿದ್ದಾರೆ, ಕೇಳಿ ತಿಳಿಯಬಹುದು. ನಮ್ಮ ಕಡೆಯಿಂದ ಹೋಗುವವರು ಕಡಿಮೆ. ಹೀಗಾಗಿ ಏಜೆಂಟ್ ಹೇಳಿದ್ದೇ ನಮಗೆ ವೇದವಾಕ್ಯ ಆಗಿಬಿಡುತ್ತದೆ. ಅಪಾಯ ಇರುವುದು ಇಲ್ಲೇ.

ಮೊದಲು ಸಾಲದ ಲೆಕ್ಕ

ಒಬ್ಬರು ಒಂದು ಲಕ್ಷ ರೂಪಾಯಿ ಕೈಸಾಲ ಮಾಡಿ ಹೋದರು ಎಂದಿಟ್ಟುಕೊಳ್ಳಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ತಿಂಗಳ ಬಡ್ಡಿ ಎಷ್ಟಾಯಿತು? 3,000 ರೂಪಾಯಿ.

ಅವರ ಸಂಬಳ 1,000 ದಿರ್ಹಂ ಎನ್ನಿ. ಊಟಕ್ಕೆ 350, ಫೋನು, ಸೋಪು, ಬಸ್ಸಿಗೆ 100 ದಿರ್ಹಂ ಹೋಯಿತು. ಉಳಿದದ್ದು 550 ದಿರ್ಹಂ. ದಿರ್ಹಮ್ಮಿನ ಬೆಲೆ ದಿನದಿನಕ್ಕೆ ಬದಲಾಗುತ್ತದೆ. ಲೆಕ್ಕ ಸುಲಭವಾಗಲಿ ಎಂದು ಒಂದು ದಿರ್ಹಮ್ಮಿಗೆ 20 ರೂಪಾಯಿ ಎಂದು ಹಿಡಿಯೋಣ. ಆಗ ಉಳಿತಾಯ 11,000 ರೂಪಾಯಿ. ಬಡ್ಡಿ 3,000 ಕಳೆದರೆ 8,000. ಒಂದು ಲಕ್ಷ ಅಸಲು ತೀರಲು ಹೆಚ್ಚು ಕಡಿಮೆ ಒಂದು ವರ್ಷ ಬೇಕು. ಆ ಒಂದು ವರ್ಷ ಅವರು ದುಡಿದದ್ದು ಸಾಲಗಾರನಿಗೆ. ಮನೆಗೆ ಒಂದು ರೂಪಾಯಿಯೂ ಬರಲಿಲ್ಲ.

ಕರಾರು ಎರಡು ವರ್ಷದ್ದಾದರೆ ಉಳಿದದ್ದು ಒಂದೇ ವರ್ಷ. ನಡುವೆ ಕಾಯಿಲೆ ಬಂದರೆ? ಕೆಲಸ ಹೋದರೆ? ಹೀಗಾಗಿ ಈ ಲೆಕ್ಕವನ್ನು ಸ್ಲೇಟಿನ ಮೇಲೆ ಮಾಡಿ ನೋಡಿ, ಆಮೇಲೆ ತೀರ್ಮಾನ ಮಾಡಿ. ಹೊಲ, ಕುರಿ, ಮಗ್ಗ ಮಾರಿ ಹೋಗಬೇಡಿ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ದೇಶದಲ್ಲೆಲ್ಲ ಹೆಸರಿದೆ. ಮಗ್ಗ ಮನೆಯಲ್ಲಿದ್ದರೆ ವಾಪಸ್ ಬಂದವರಿಗೆ ಕೂತು ನೇಯಲು ಜಾಗ ಇರುತ್ತದೆ. ಮಾರಿದ ಮಗ್ಗ ಮತ್ತೆ ಬರುವುದಿಲ್ಲ.

ಏಜೆಂಟ್ ಯಾರು, ನೋಡಿ

ಹೊರದೇಶಕ್ಕೆ ಕೆಲಸಕ್ಕೆ ಕಳಿಸುವವರಿಗೆ ಭಾರತ ಸರ್ಕಾರದ ಲೈಸೆನ್ಸ್ ಬೇಕು. 1983ರ ವಲಸೆ ಕಾಯಿದೆ ಹೀಗೆ ಹೇಳುತ್ತದೆ. ಲೈಸೆನ್ಸ್ ಇದ್ದವರಿಗೆ ಒಂದು ನಂಬರ್ ಇರುತ್ತದೆ. ಅದನ್ನು ಕೇಳಿ ಬರೆದುಕೊಳ್ಳಿ. ಸರ್ಕಾರದ ‘ಇ-ಮೈಗ್ರೇಟ್’ ಎಂಬ ವೆಬ್‌ಸೈಟಿನಲ್ಲಿ ಲೈಸೆನ್ಸ್ ಇದ್ದವರ ಪಟ್ಟಿ ಇದೆ. ಮೊಬೈಲ್ ಬಲ್ಲ ಮಕ್ಕಳ ಕೈಲಿ ತೆಗೆಸಿ ನೋಡಿ. ಆ ನಂಬರ್, ಆ ಹೆಸರು ಪಟ್ಟಿಯಲ್ಲಿ ಇದೆಯೇ?

‘ನಾನು ಆ ಏಜೆಂಟರ ಕಡೆಯೋನು, ದುಡ್ಡು ನನ್ನ ಕೈಲೇ ಕೊಡಿ’ ಅಂತ ಊರಿಗೆ ಬರುವವರು ಉಂಟು. ಇವರು ಸಬ್ ಏಜೆಂಟರು. ಇವರಿಗೆ ಲೈಸೆನ್ಸ್ ಇರುವುದಿಲ್ಲ. ಇವರಿಗೆ ಹಣ ಕೊಡಬೇಡಿ.

ಲೈಸೆನ್ಸ್ ಇದ್ದವರು ಕೂಡ ತಮ್ಮ ಸೇವೆಗೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ.ಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಕೊಟ್ಟ ಹಣಕ್ಕೆ ರಶೀದಿ ಕೇಳಿ. ರಶೀದಿ ಇಲ್ಲ ಎಂದರೆ ಹಣ ಇಲ್ಲ ಎನ್ನಿ.

ಪಾಸ್‌ಪೋರ್ಟ್ ಮತ್ತು ವೀಸಾ

ಪಾಸ್‌ಪೋರ್ಟ್ ನಮ್ಮ ಸರ್ಕಾರ ಕೊಡುವ ಪುಸ್ತಕ. ವೀಸಾ ಆ ದೇಶ ಕೊಡುವ ಅಪ್ಪಣೆ. ಎರಡೂ ಬೇಕು.

ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ‘ಇ.ಸಿ.ಆರ್.’ ಪಾಸ್‌ಪೋರ್ಟ್ ಸಿಗುತ್ತದೆ. ಇಂಥವರು ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಕೊಡುವವರು ವಲಸಿಗರ ಸಂರಕ್ಷಣಾಧಿಕಾರಿ. ಅವರ ಕಚೇರಿ ಬೆಂಗಳೂರಿನಲ್ಲಿದೆ. ಇದು ನಮ್ಮನ್ನು ತಡೆಯಲು ಮಾಡಿದ ನಿಯಮ ಅಲ್ಲ. ಕೆಲಸ ನಿಜವೇ, ಸಂಬಳ ಎಷ್ಟು ಎಂದು ಅವರು ನೋಡುತ್ತಾರೆ. ಹೀಗೆ ಹೋಗುವವರಿಗೆ ‘ಪ್ರವಾಸಿ ಭಾರತೀಯ ಬೀಮಾ ಯೋಜನೆ’ ಎಂಬ ವಿಮೆ ಕಡ್ಡಾಯ. ಅಪಘಾತದಲ್ಲಿ ಸತ್ತರೆ, ಅಥವಾ ಶಾಶ್ವತವಾಗಿ ಕೈಕಾಲು ಹೋದರೆ 10 ಲಕ್ಷ ರೂಪಾಯಿವರೆಗೆ ಪರಿಹಾರ ಉಂಟು.

ಇ.ಸಿ.ಆರ್. ಪಾಸ್‌ಪೋರ್ಟಿನ ಹೆಣ್ಣುಮಕ್ಕಳು ಮನೆಗೆಲಸಕ್ಕೆ ಹೋಗುವುದಾದರೆ 30 ವರ್ಷ ತುಂಬಿರಬೇಕು. ಸರ್ಕಾರ ಒಪ್ಪಿದ ಸಂಸ್ಥೆಗಳ ಮೂಲಕವೇ ಹೋಗಬೇಕು.

ಈಗ ಒಂದು ಮೋಸದ ಮಾತು ಕೇಳಿ. ‘ಈಗ ವಿಸಿಟ್ ವೀಸಾದಲ್ಲಿ ಹೋಗು. ಅಲ್ಲಿಗೆ ಹೋದ ಮೇಲೆ ಕೆಲಸದ ವೀಸಾ ಮಾಡಿಸ್ತೀವಿ.’ ವಿಸಿಟ್ ವೀಸಾ ಊರು ನೋಡಲು, ನೆಂಟರನ್ನು ಕಾಣಲು ಕೊಡುವ ವೀಸಾ. ಅದರ ಮೇಲೆ ಕೆಲಸ ಮಾಡುವುದು ಅಲ್ಲಿ ಅಪರಾಧ. ದಿನ ಮುಗಿದ ಮೇಲೂ ಉಳಿದರೆ ದಿನದಿನಕ್ಕೆ ದಂಡ ಏರುತ್ತದೆ. ಸಂಬಳ ಕೊಡದಿದ್ದರೆ ಕೇಳುವುದು ಕಷ್ಟ. ಸರ್ಕಾರದ ಒಪ್ಪಿಗೆ ಇಲ್ಲ, ವಿಮೆಯೂ ಇಲ್ಲ. ವೀಸಾ ಕೈಗೆ ಬಂದ ಕೂಡಲೇ ‘ವಿಸಿಟ್’ ಎಂದಿದೆಯೋ ‘ಎಂಪ್ಲಾಯ್‌ಮೆಂಟ್’ ಎಂದಿದೆಯೋ ಓದಿಸಿ ನೋಡಿ.

ಕರಾರು ಪತ್ರ

ಕರಾರು ಪತ್ರ ಸಾಮಾನ್ಯವಾಗಿ ಅರಬ್ಬಿ ಮತ್ತು ಇಂಗ್ಲಿಷಿನಲ್ಲಿ ಇರುತ್ತದೆ. ‘ನಮಗೆ ಕನ್ನಡ ಮಾತ್ರ ಬರ್ತೈತೆ, ನಾವೇನು ಓದೋಣ?’ ಎನ್ನಬೇಡಿ. ಇಂಗ್ಲಿಷ್ ಕಡೆ ಇರುವ ಅಂಕಿ ನಾವು ಕಲಿತ 1, 2, 3 ಇವೇ. ಅಂಕಿಗಳ ಮೇಲೆ ಬೆರಳಿಡಿ. ಇದು ಸಂಬಳವೇ? ಇದು ಗಂಟೆಯೇ? ಇದು ವರ್ಷವೇ? ಎಂದು ಕೇಳಿ. ಹೇಳಿದ ಅಂಕಿಯೂ ಬರೆದ ಅಂಕಿಯೂ ಒಂದೇ ಇರಬೇಕು. ಪೂರ್ತಿ ಪತ್ರವನ್ನು ಇಂಗ್ಲಿಷ್ ಬಲ್ಲವರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಊರಿನ ಶಾಲೆಯ ಮೇಷ್ಟ್ರುಗಳು, ಟೀಚರಮ್ಮಂದಿರು ನಾವಿದ್ದೇವೆ.

ಅಲ್ಲಿನ 2021ರ ಕಾರ್ಮಿಕ ಕಾಯಿದೆಯಲ್ಲಿ ಹೀಗಿದೆ:

1. ದಿನಕ್ಕೆ 8 ಗಂಟೆ ಕೆಲಸ. ಹೆಚ್ಚು ಹೊತ್ತು ದುಡಿದರೆ ಹೆಚ್ಚು ಕೂಲಿ.
2. ಒಂದು ವರ್ಷ ತುಂಬಿದ ಮೇಲೆ ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ.
3. ಕೆಲಸಕ್ಕೆ ಸೇರಿಸಿಕೊಂಡ ಖರ್ಚನ್ನು ಮಾಲೀಕ ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ.
4. ಪಾಸ್‌ಪೋರ್ಟನ್ನು ಮಾಲೀಕ ಕಿತ್ತಿಟ್ಟುಕೊಳ್ಳುವಂತಿಲ್ಲ.
5. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ದುಡಿದವರಿಗೆ ಬಿಡುವಾಗ ಗ್ರಾಚ್ಯುಟಿ ಉಂಟು. ಮೊದಲ ಐದು ವರ್ಷಕ್ಕೆ, ವರ್ಷಕ್ಕೆ 21 ದಿನದ ಮೂಲ ಸಂಬಳದ ಲೆಕ್ಕ.

ಐದನೆಯದನ್ನು ಇನ್ನೊಮ್ಮೆ ಓದಿ. ‘ಮೂಲ ಸಂಬಳ’ ಎಂದಿದೆ. ಕೆಲವರು ಮೂಲ ಸಂಬಳ ಕಡಿಮೆ ಬರೆದು, ಭತ್ಯೆ ಹೆಚ್ಚು ಬರೆಯುತ್ತಾರೆ. ಆಗ ಗ್ರಾಚ್ಯುಟಿ ಕಡಿಮೆ ಆಗುತ್ತದೆ. ವಸತಿ, ಊಟ ಯಾರದು ಎಂಬುದನ್ನೂ ನೋಡಿ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ನಮಗೆಲ್ಲ ಗೊತ್ತು. ಮಾಡಿದಷ್ಟು ಕೈಗೆ ಬರಬೇಕಾದರೆ ಮಾಡುವುದೆಷ್ಟು, ಬರುವುದೆಷ್ಟು ಎಂದು ಕಾಗದದಲ್ಲಿ ಇರಬೇಕು.

ಅಲ್ಲಿನ ಬದುಕು

ದುಬೈಯಲ್ಲಿ ಸೋನಾಪುರ ಎಂದು ಜನ ಕರೆಯುವ ಒಂದು ಜಾಗ ಇದೆ. ಹೆಸರಿನಲ್ಲಿ ಚಿನ್ನ. ಅಲ್ಲಿರುವುದು ಕೂಲಿಗಾರರ ಕ್ಯಾಂಪು. ಒಂದೊಂದು ಕೋಣೆಯಲ್ಲಿ ಹಲವರು ಇರುತ್ತಾರೆ. ಮಂಚದ ಮೇಲೆ ಮಂಚ. ಬೆಳಗಿನ ಜಾವ ಎದ್ದು ಕಂಪನಿ ಬಸ್ಸು ಹತ್ತಬೇಕು.

ನಮಗೆ ಬಿಸಿಲು ಹೊಸದಲ್ಲ. ಆದರೆ ಅಲ್ಲಿನ ಬಿಸಿಲೇ ಬೇರೆ. ಬೇಸಿಗೆಯಲ್ಲಿ 45 ಡಿಗ್ರಿ ದಾಟುತ್ತದೆ. ಪಕ್ಕದಲ್ಲಿ ಸಮುದ್ರ ಇರುವುದರಿಂದ ಬೆವರು ಆರುವುದೇ ಇಲ್ಲ. ಹೀಗಾಗಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ. ನೀರು ಹೆಚ್ಚು ಕುಡಿಯಬೇಕು.

ಒಳ್ಳೆಯದೂ ಉಂಟು. ವೆಲ್ಡಿಂಗ್, ವೈರಿಂಗ್, ಡ್ರೈವಿಂಗ್ ಕಲಿತು ಹೋದವರಿಗೆ ಬರಿಗೈಲಿ ಹೋದವರಿಗಿಂತ ಹೆಚ್ಚು ಸಂಬಳ. ಹೀಗಾಗಿ ಮೊದಲು ಕಸುಬು ಕಲಿಯಿರಿ. ಕನ್ನಡಿಗರ ಸಂಘಗಳು ಅಲ್ಲಿವೆ. ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ಪಾಠಶಾಲೆಯನ್ನೂ ಕನ್ನಡಿಗರೇ ನಡೆಸುತ್ತಾರೆ.

ಕಷ್ಟ ಬಂದರೆ ದುಬೈಯಲ್ಲಿ ಭಾರತೀಯರಿಗಾಗಿ ‘ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ’ ಇದೆ. ಅಲ್ಲಿಂದ 800 46342ಕ್ಕೆ ಫೋನ್ ಮಾಡಬಹುದು. ಇಲ್ಲಿ ಊರಿನಿಂದಲೇ ಕೇಳಬೇಕಾದರೆ 1800 11 3090. ಎರಡಕ್ಕೂ ದುಡ್ಡಿಲ್ಲ.

ಮನೆಯಲ್ಲಿ ಉಳಿದವರು

ಹೋಗುವವರು ಹೆಚ್ಚಾಗಿ ಗಂಡಸರು. ಆದರೆ ಕಾಗದ ಓದುವ ಕೆಲಸ ಹೆಂಗಸರದ್ದೂ ಹೌದು. ಸಾಲ ತೀರಿಸುವವರು ಇಬ್ಬರೂ ಅಲ್ಲವೇ? ಪಾಸ್‌ಪೋರ್ಟ್, ವೀಸಾ, ಕರಾರು, ವಿಮೆ, ರಶೀದಿ, ಇವುಗಳ ಜೆರಾಕ್ಸ್ ಮನೆಯ ಪೆಟ್ಟಿಗೆಯಲ್ಲಿ ಇರಲಿ. ಕಂಪನಿಯ ಹೆಸರು, ವಿಳಾಸ, ಫೋನ್ ನಂಬರ್ ಬರೆದಿಡಿ. ವಿಮೆಯ ಕಾಗದದಲ್ಲಿ ವಾರಸುದಾರರ ಹೆಸರು ಸರಿಯಾಗಿದೆಯೇ, ನೀವೇ ಓದಿ.

ಹಣ ಬ್ಯಾಂಕಿನ ಮೂಲಕವೇ ಬರಲಿ. ಹೆಂಡತಿಯ ಹೆಸರಿನಲ್ಲೂ ಖಾತೆ ಇರಲಿ. ‘ಬ್ಯಾಂಕಿಗಿಂತ ಎರಡು ರೂಪಾಯಿ ಹೆಚ್ಚು ಕೊಡ್ತೀವಿ’ ಅಂತ ಕೈಯಿಂದ ಕೈಗೆ ಹಣ ದಾಟಿಸುವವರು ಉಂಟು. ಅದು ಹವಾಲಾ. ಅದು ಅಪರಾಧ. ಹಣ ಬಾರದಿದ್ದರೆ ಕೇಳಲು ಕಾಗದವೇ ಇರುವುದಿಲ್ಲ.

ನೆನಪಿಡಿ

ಲೈಸೆನ್ಸ್ ನಂಬರ್ ನೋಡದೆ ಹಣ ಕೊಡಬೇಡಿ.
ರಶೀದಿ ಇಲ್ಲದೆ ಹಣ ಕೊಡಬೇಡಿ.
ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋಗಬೇಡಿ.
ಓದಿಸಿ ಕೇಳದೆ ಸಹಿ ಹಾಕಬೇಡಿ.
ಹೊಲ, ಕುರಿ, ಮಗ್ಗ ಮಾರಬೇಡಿ.

ಕೂತು ಮಾತಾಡಿ

1. ಐವತ್ತು ಸಾವಿರ ಸಾಲಕ್ಕೆ ನೂರಕ್ಕೆ ಮೂರು ರೂಪಾಯಿಯಂತೆ ತಿಂಗಳ ಬಡ್ಡಿ ಎಷ್ಟು?
2. ವಿಸಿಟ್ ವೀಸಾಕ್ಕೂ ಕೆಲಸದ ವೀಸಾಕ್ಕೂ ಏನು ವ್ಯತ್ಯಾಸ?
3. ನಿಮ್ಮ ಊರಿಂದ ದೂರ ದುಡಿಯಲು ಹೋದವರು ಯಾರಿದ್ದಾರೆ? ಹೋಗುವ ಮುಂಚೆ ಅವರು ಯಾವ ಕಾಗದ ನೋಡಿದ್ದರು? ಕೇಳಿ ಬರೆಯಿರಿ.